ವಿಮಾನ ನಿಲ್ದಾಣದ ವಿದ್ಯೆ: ನಡೆದು ಬಂದ ದಾರಿ



ಗಲ್ಫ್‌ಗೆ ಹೊರಟ ಅಣ್ಣನನ್ನೋ ಚಿಕ್ಕಪ್ಪನನ್ನೋ ಬೀಳ್ಕೊಡಲು ನೀವು ಒಮ್ಮೆಯಾದರೂ ವಿಮಾನ ನಿಲ್ದಾಣಕ್ಕೆ ಹೋಗಿರಬಹುದು. ವಿಮಾನಯಾನದ ಉದ್ಯೋಗ ಎಂದೊಡನೆ ನಮಗೆ ನೆನಪಾಗುವುದು ಪೈಲಟ್ ಒಬ್ಬರೇ. ಆದರೆ ನಿಲ್ದಾಣಕ್ಕೆ ತಕ್ಕ ನೆಲವನ್ನು ಆರಿಸಿದವರು, ರನ್‌ವೇಯ ದಿಕ್ಕನ್ನು ನಿರ್ಧರಿಸಿದವರು, ಗೋಪುರದಲ್ಲಿ ಕುಳಿತು ಅನುಮತಿ ನೀಡುವವರು, ಅಗ್ನಿಶಾಮಕ ವಾಹನದ ಬಳಿ ಹಗಲಿರುಳು ಕಾಯುವವರು ಇವರೆಲ್ಲ ಈ ಕೆಲಸವನ್ನು ಎಲ್ಲಿ ಕಲಿತರು? ಈ ವಿದ್ಯೆಗೂ ಒಂದು ಇತಿಹಾಸವಿದೆ. ಅದರ ಹಲವು ಪುಟಗಳು ಪ್ರಾಣಹಾನಿಯ ಬೆಲೆ ತೆತ್ತು ಬರೆದವು.

ಬಾವುಟ ಹಿಡಿದ ಕಾಲ

ಆರಂಭದ ದಿನಗಳಲ್ಲಿ ವಿಮಾನ ನಿಲ್ದಾಣವೆಂದರೆ ಹುಲ್ಲಿನ ಬಯಲು ಅಷ್ಟೇ. 1911ರ ಫೆಬ್ರವರಿ 18ರಂದು ಫ್ರೆಂಚ್ ಪೈಲಟ್ ಹೆನ್ರಿ ಪೆಕೆ ಅಲಹಾಬಾದಿನಿಂದ ನೈನಿಗೆ ಅಂಚೆ ಒಯ್ದಾಗಲೂ, 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬಂದು ಮುಂಬಯಿಯ ಜುಹುವಿನಲ್ಲಿ ಇಳಿದಾಗಲೂ ಇಂದಿನಂತಹ ಡಾಂಬರು ರನ್‌ವೇ ಇರಲಿಲ್ಲ.

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1929ರಲ್ಲಿ ಆರ್ಚಿ ಲೀಗ್ ಎಂಬಾತ ಒಂದು ಕೈಗಾಡಿಯಲ್ಲಿ ಕುರ್ಚಿ, ಕೊಡೆ ಮತ್ತು ಎರಡು ಬಾವುಟಗಳನ್ನು ಹೇರಿಕೊಂಡು ಬಯಲಿಗೆ ಹೋಗುತ್ತಿದ್ದರು. ಚೌಕುಳಿ ಬಾವುಟ ಬೀಸಿದರೆ 'ಹೊರಡಿ', ಕೆಂಪು ಬಾವುಟವಾದರೆ 'ನಿಲ್ಲಿ'. ಅಂದಿನ ವಿಮಾನ ಸಂಚಾರ ನಿಯಂತ್ರಣ ಇಷ್ಟೇ! ಆದರೆ ಲೀಗ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ರೇಡಿಯೊ ಬಂದಾಗ ರೇಡಿಯೊ ಕಲಿತರು. ಮುಂದೆ ಎಂಜಿನಿಯರಿಂಗ್ ಪದವಿ ಪಡೆದರು. ಅನುಭವ ಎಷ್ಟೇ ಇದ್ದರೂ ವಿದ್ಯೆ ಬೇಕು ಎಂಬುದಕ್ಕೆ ಅವರ ಜೀವನವೇ ಸಾಕ್ಷಿ.

ನಿಯಮಗಳು ಬಂದವು

ಪ್ರತಿ ದೇಶವೂ ತನಗೆ ತೋಚಿದಂತೆ ನಿಲ್ದಾಣ ಕಟ್ಟಿದರೆ ಹೊರಗಿನ ಪೈಲಟ್ ಏನು ಮಾಡಬೇಕು? ದ್ವಿತೀಯ ಮಹಾಯುದ್ಧ ಮುಗಿಯುವ ಮುನ್ನವೇ ಈ ಪ್ರಶ್ನೆ ಎದ್ದಿತು. 1944ರ ಡಿಸೆಂಬರ್ 7ರಂದು ಶಿಕಾಗೋದಲ್ಲಿ 52 ರಾಷ್ಟ್ರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರಿಂದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹುಟ್ಟಿತು. ಆ ಸಂಸ್ಥೆ 1951ರಲ್ಲಿ ನಿಲ್ದಾಣಗಳಿಗಾಗಿಯೇ 'ಅನುಬಂಧ 14' ಎಂಬ ನಿಯಮಾವಳಿಯನ್ನು ಅಂಗೀಕರಿಸಿತು.

ಅದರಲ್ಲಿ ಏನಿದೆ? ಕೆಲವು ಉದಾಹರಣೆಗಳನ್ನು ನೋಡಿ. ರನ್‌ವೇಯ ದಿಕ್ಕನ್ನು ಮನಬಂದಂತೆ ಆರಿಸುವಂತಿಲ್ಲ. ಕನಿಷ್ಠ ಐದು ವರ್ಷಗಳ ಗಾಳಿಯ ಲೆಕ್ಕವನ್ನು ಪರಿಶೀಲಿಸಿ, ಅಡ್ಡಗಾಳಿಯ ಅಡ್ಡಿಯಿಲ್ಲದೆ ಶೇ. 95ರಷ್ಟು ಕಾಲ ನಿಲ್ದಾಣ ಬಳಕೆಗೆ ಸಿಗುವಂತೆ ಯೋಜಿಸಬೇಕು ಎಂಬುದು ಅದರ ಸಲಹೆ. ಅಗ್ನಿಶಾಮಕ ದಳ ರನ್‌ವೇಯ ಯಾವುದೇ ಭಾಗವನ್ನು ಮೂರು ನಿಮಿಷಗಳೊಳಗೆ ತಲುಪಬೇಕು. ಎರಡು ವರ್ಷಕ್ಕೊಮ್ಮೆಯಾದರೂ ಪೂರ್ಣ ಪ್ರಮಾಣದ ಅಣಕು ತುರ್ತು ಕಾರ್ಯಾಚರಣೆ ನಡೆಯಬೇಕು. ಇದೆಲ್ಲವೂ ಬರೀ ಓದಿನಿಂದ ಬರುವುದಲ್ಲ, ಅಭ್ಯಾಸದಿಂದ ಬರಬೇಕು. ಹೀಗಾಗಿಯೇ ತರಬೇತಿ ಶಾಲೆಗಳು ಅನಿವಾರ್ಯವಾದವು.

ಅಲಹಾಬಾದಿನ ಶಾಲೆ

ಸ್ವಾತಂತ್ರ್ಯ ಬಂದ ಮರುವರ್ಷವೇ, ಅಂದರೆ 1948ರಲ್ಲಿ, ನಮ್ಮ ದೇಶದ ನಾಗರಿಕ ವಿಮಾನಯಾನ ತರಬೇತಿ ಕೇಂದ್ರ ಆರಂಭವಾಯಿತು. ಅದು ಇರುವುದು ಮೊದಲ ವಿಮಾನ ಅಂಚೆ ಹೊರಟ ಅದೇ ಅಲಹಾಬಾದಿನ, ಇಂದಿನ ಪ್ರಯಾಗರಾಜದ, ಬಮ್ರೌಲಿಯಲ್ಲಿ. ಸಂಚಾರ ನಿಯಂತ್ರಕರು ಮತ್ತು ಸಂಪರ್ಕ ಸಾಧನಗಳನ್ನು ನೋಡಿಕೊಳ್ಳುವವರು ತಲೆಮಾರುಗಳಿಂದ ಇಲ್ಲಿ ಕಲಿತು ಹೊರಬಂದಿದ್ದಾರೆ. 1995ರ ಏಪ್ರಿಲ್ 1ರಂದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ರಚನೆಯಾದ ಮೇಲೆ ಈ ಕೇಂದ್ರ ಅದರ ಆಡಳಿತದಲ್ಲಿದೆ. ಹೈದರಾಬಾದ್ ಮತ್ತು ಗೋಂದಿಯಾಗಳಲ್ಲೂ ಪ್ರಾಧಿಕಾರದ ತರಬೇತಿ ಕೇಂದ್ರಗಳಿವೆ.

ಅಲ್ಲಿ ಒಂದೊಂದು ಪದಕ್ಕೂ ತೂಕವಿದೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ರೇಡಿಯೊ ಮಾತಿನ ಅಪಾರ್ಥ ಅದಕ್ಕೆ ಒಂದು ಕಾರಣವಾಗಿತ್ತು. ವಿಮಾನ ಏರಲು ನಿಜವಾಗಿ ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ರದ್ದುಮಾಡುವಾಗ ಮಾತ್ರ ನಿಯಂತ್ರಕರು 'ಟೇಕ್ ಆಫ್' ಎಂಬ ಮಾತನ್ನು ಬಳಸಬೇಕೆಂಬ ಶಿಸ್ತು ಆ ದುರಂತದ ನಂತರ ಗಟ್ಟಿಯಾಯಿತು.

ಬಜ್ಪೆ ಕಲಿಸಿದ ಪಾಠ

ಮಂಗಳೂರಿನ ಬಜ್ಪೆ ನಿಲ್ದಾಣ ಉದ್ಘಾಟನೆಯಾದದ್ದು 1951ರ ಡಿಸೆಂಬರ್ 25ರಂದು, ಅಂದರೆ ಅನುಬಂಧ 14 ಅಂಗೀಕಾರವಾದ ವರ್ಷದಲ್ಲೇ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣವಿದು. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂತು.

2010ರ ಮೇ 22ರ ಮುಂಜಾನೆಯನ್ನು ನಾವು ಹೇಗೆ ಮರೆಯಲಿ? ದುಬೈಯಿಂದ ಬಂದ ವಿಮಾನ ರನ್‌ವೇಯ ಅರ್ಧಕ್ಕಿಂತ ಹೆಚ್ಚು ದೂರ ದಾಟಿದ ಮೇಲೆ ನೆಲ ಮುಟ್ಟಿತು. ಅದು ನಿಲ್ಲದೆ ಮುಂದೆ ಸಾಗಿ ಕಣಿವೆಗೆ ಬಿದ್ದಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ರಜೆಗೆ, ಮದುವೆಗೆ, ಮನೆಯವರ ಮುಖ ನೋಡಲು ಹೊರಟವರು ಮನೆ ಸೇರಲಿಲ್ಲ.

ಸರಿಯಾದ ಎತ್ತರ ಮತ್ತು ವೇಗದಲ್ಲಿ ಇಲ್ಲದಿದ್ದರೂ ಕ್ಯಾಪ್ಟನ್ ಇಳಿಯುವ ಪ್ರಯತ್ನವನ್ನು ಕೈಬಿಡದಿದ್ದುದೇ ನೇರ ಕಾರಣವೆಂದು ತನಿಖೆ ಹೇಳಿತು. ಆದರೆ ತನಿಖೆ ಅಲ್ಲಿಗೇ ನಿಲ್ಲಲಿಲ್ಲ, ನೆಲದತ್ತಲೂ ನೋಡಿತು. ರನ್‌ವೇ ಮುಗಿದಲ್ಲಿ ಆ್ಯಂಟೆನಾವನ್ನು ಹೊತ್ತಿದ್ದ ಕಾಂಕ್ರೀಟ್ ರಚನೆಗೆ ವಿಮಾನದ ರೆಕ್ಕೆ ಬಡಿದಿತ್ತು. ರನ್‌ವೇಯ ಸಮೀಪ ಇರುವಂಥವು ಬಡಿದರೆ ಸುಲಭವಾಗಿ ಮುರಿದು ಬೀಳುವಂತಿರಬೇಕು ಎಂಬುದು ಯೋಜನೆಯ ಪಾಠ. ರನ್‌ವೇಯ ಕೊನೆಯ ಸುರಕ್ಷಾ ಪ್ರದೇಶಕ್ಕೆ ಕನಿಷ್ಠ 90 ಮೀಟರ್ ಬೇಕು, 240 ಮೀಟರ್ ಇದ್ದರೆ ಒಳ್ಳೆಯದು ಎಂದು ನಿಯಮಾವಳಿ ಹೇಳುತ್ತದೆ. ಕಾಗದದ ಮೇಲೆ ಇವು ಒಣ ಅಂಕಿಗಳು. ಗುಡ್ಡದ ಅಂಚಿನಲ್ಲಿ ಅವೇ ಪ್ರಾಣ. 2020ರ ಆಗಸ್ಟ್ 7ರಂದು ಅಂಥದೇ ಗುಡ್ಡದ ಮೇಲಿನ ಕೋಝಿಕ್ಕೋಡ್ ನಿಲ್ದಾಣದಲ್ಲಿ ವಿಮಾನ ರನ್‌ವೇ ದಾಟಿ ಬಿದ್ದು 21 ಮಂದಿ ಸತ್ತಾಗ ಅದೇ ಪಾಠ ಮತ್ತೆ ನೆನಪಾಯಿತು.

ನಿಮ್ಮ ಮುಂದಿರುವ ದಾರಿ

2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಆರಂಭವಾದಾಗಿನಿಂದ ನಮ್ಮ ರಾಜ್ಯದಲ್ಲೂ ಖಾಸಗಿ ನಿರ್ವಹಣೆಯ ಯುಗ ಬಂದಿದೆ. ಅಲ್ಲಿಯೂ ಸಂಚಾರ ನಿಯಂತ್ರಣ ಪ್ರಾಧಿಕಾರದ ಕೈಯಲ್ಲೇ ಇದೆ. ನಿಲ್ದಾಣದ ವ್ಯವಸ್ಥಾಪಕರಿಗಾಗಿ 2007ರಲ್ಲಿ ಅಂತಾರಾಷ್ಟ್ರೀಯ ಮಟ್ಟದ ಮಾನ್ಯತಾ ತರಬೇತಿ ಆರಂಭವಾಯಿತು. 2013ರ ಕಾಯಿದೆಯಂತೆ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ವಿಮಾನಯಾನ ವಿಶ್ವವಿದ್ಯಾಲಯವೇ ಸ್ಥಾಪನೆಯಾಗಿದೆ.

ಪೈಲಟ್ ಆಗಲು ಲಕ್ಷಾಂತರ ರೂಪಾಯಿ ಬೇಕೆಂದು ಹಿಂಜರಿಯುವ ಮಕ್ಕಳು ನಮ್ಮಲ್ಲಿ ಬಹಳ. ಅವರಿಗೆ ನನ್ನ ಮಾತು ಇಷ್ಟೇ: ಭೌತಶಾಸ್ತ್ರ ಮತ್ತು ಗಣಿತ ಓದಿದ ಬಿ.ಎಸ್ಸಿ. ಪದವೀಧರರೂ ಎಂಜಿನಿಯರಿಂಗ್ ಪದವೀಧರರೂ ಪರೀಕ್ಷೆ ಬರೆದು ಸಂಚಾರ ನಿಯಂತ್ರಕರಾಗಬಹುದು. ಸಿವಿಲ್, ಎಲೆಕ್ಟ್ರಿಕಲ್, ಅಗ್ನಿಶಾಮಕ ವಿಭಾಗಗಳ ಬಾಗಿಲುಗಳೂ ಇವೆ. ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದಿದೆ. ಪಿ.ಯು.ಸಿ.ಯಲ್ಲಿ ಗಣಿತವನ್ನು ಕೈಬಿಡುವ ಮುನ್ನ ಒಮ್ಮೆ ಯೋಚಿಸಿ.

ನಮ್ಮವರು ದಶಕಗಳಿಂದ ಪ್ರಯಾಣಿಕರಾಗಿ ನಿಲ್ದಾಣದ ಬಾಗಿಲು ದಾಟುತ್ತಿದ್ದಾರೆ. ಇನ್ನು ಮುಂದೆ ಅವರನ್ನು ಸುರಕ್ಷಿತವಾಗಿ ಕಳುಹಿಸಿ, ಸುರಕ್ಷಿತವಾಗಿ ಬರಮಾಡಿಕೊಳ್ಳುವವರು ನೀವಾಗಬೇಕು.