ಮುದ್ರೆಯೂ ನಂಬುಗೆಯೂ

ಬರೆಹವು ಬರೆದವನ ಕೈಬಿಟ್ಟು ದೂರ ಹೊರಟ ಗಳಿಗೆಯಿಂದಲೇ ಅದಕ್ಕೊಂದು ಸಾಕ್ಷಿ ಬೇಕಾಗುತ್ತದೆ. ಕನ್ನಡನಾಡಿನ ಅರಸರು ಆ ಸಾಕ್ಷಿಯನ್ನು ಲೋಹದಲ್ಲಿ ಮಾಡಿಸಿದರು. ದಾನವನ್ನು ಕೆತ್ತಿದ ತಾಮ್ರದ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ಮುದ್ರೆಯೊಳಗೆ ಬೆಸೆದುಬಿಡುತ್ತಿದ್ದರು. ಬಾದಾಮಿಯ ಚಾಲುಕ್ಯರದು ವರಾಹ, ಗಂಗರದು ಆನೆ, ಮಾನ್ಯಖೇಟದ ರಾಷ್ಟ್ರಕೂಟರದು ಗರುಡ. ಬಳೆಯನ್ನು ಕಡಿಯದೆ ನಡುವೆ ಹೊಸ ಹಲಗೆಯನ್ನು ಸೇರಿಸುವಂತಿರಲಿಲ್ಲ. ಕಡಿದರೆ ಕಡಿದ ಗುರುತು ಉಳಿಯುತ್ತಿತ್ತು.

ಇಷ್ಟಾದರೂ ಕೂಟಶಾಸನಗಳು ಹುಟ್ಟದೆ ಇರಲಿಲ್ಲ. ಅಂಥವನ್ನು ರಚಿಸಿದವನಿಗೆ ಮನುಸ್ಮೃತಿಯು ಮರಣದಂಡನೆಯನ್ನೇ ವಿಧಿಸಿದೆ. ದಂಡನೆಯ ಕಾಠಿನ್ಯವನ್ನು ನೋಡಿದರೆ ಅಪರಾಧವು ಅಪರೂಪದ್ದಾಗಿರಲಿಲ್ಲವೆಂದು ತೋರುತ್ತದೆ. ಫ್ಲೀಟ್ ಪಂಡಿತರು 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಖೊಟ್ಟಿ ಶಾಸನಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ಗಂಗರ ಹೆಸರಿನವು ಹಲವಿದ್ದುವು. ತಿಥಿಗೂ ವಾರಕ್ಕೂ ಹೊಂದಿಕೆಯಿಲ್ಲದಿರುವುದು, ಹೇಳಿದ ಕಾಲಕ್ಕಿಂತ ಲಿಪಿಯು ಈಚಿನದಾಗಿರುವುದು, ಇವೇ ಅವರ ಒರೆಗಲ್ಲು. ಅವರ ತೀರ್ಪುಗಳೆಲ್ಲ ನಿಲ್ಲಲಿಲ್ಲವೆಂಬುದು ಬೇರೆ ಮಾತು.

ಪತ್ರದ ಪರೀಕ್ಷೆಯನ್ನು ಕುರಿತು ಈ ಸೀಮೆಯವರಿಗೆ ಹೊರಗಿನ ಪಾಠವು ಬೇಕಾಗಿಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ‘ಮಿತಾಕ್ಷರಾ’ವನ್ನು ರಚಿಸಿದ ವಿಜ್ಞಾನೇಶ್ವರನು ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಪ್ರತೀತಿಯಿದೆ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ, ಸಾಲಗಾರನು ಮೇಲೆ ಬರೆದುದು ತನಗೆ ಸಮ್ಮತವೆಂದು ಪತ್ರದ ಕೊನೆಯಲ್ಲಿ ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳೂ ತಮ್ಮ ತಮ್ಮ ಹೆಸರನ್ನು ತಾವೇ ಬರೆಯಬೇಕು. ಸಂಶಯ ಬಂದಾಗ ಅದೇ ಕೈಯ ಬೇರೆ ಬರೆಹದೊಡನೆ ಹೋಲಿಸಿ ನೋಡಬೇಕು. ಅಕ್ಷರವರಿಯದವನಾದರೆ ಸಾಕ್ಷಿಗಳೆದುರಿಗೆ ಬೇರೊಬ್ಬನಿಂದ ಬರೆಸಬೇಕು.

ಆದರೆ ಕೈಯೂ ನಿಜ, ಮುದ್ರೆಯೂ ನಿಜ, ಓಲೆ ಮಾತ್ರ ಸುಳ್ಳಾದರೆ? ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂದು ಕನ್ನಡಿಸಿ ಬೆಳೆಸಿದ ಕಥೆಯ ಮೂಲವಾದ ‘ಮುದ್ರಾರಾಕ್ಷಸ’ದ ತಿರುಳೇ ಇದು. ಅಮಾತ್ಯ ರಾಕ್ಷಸನು ಊರು ಬಿಡುವಾಗ ತನ್ನ ಉಂಗುರವನ್ನು ಹೆಂಡತಿಯ ಬಳಿ ಬಿಟ್ಟು ಹೋಗಿದ್ದನು. ಅದು ಚಾಣಕ್ಯನ ಕೈಸೇರಿತು. ರಾಕ್ಷಸನ ಮಿತ್ರನಾದ ಶಕಟದಾಸನಿಂದಲೇ, ಅವನಿಗೆ ತಿಳಿಯದಂತೆ, ಓಲೆಯನ್ನು ಬರೆಸಿ ಆ ಉಂಗುರದಿಂದ ಮುದ್ರೆಯೊತ್ತಿದರು. ಮುಂದೆ ರಾಕ್ಷಸನು ಎಷ್ಟು ನಿರಾಕರಿಸಿದರೂ ಮಲಯಕೇತುವು ನಂಬಲಿಲ್ಲ. ಕಚೇರಿಯ ಅಧಿಕಾರಿಯು ತನ್ನ ಸಹಿಯ ಟೋಕನನ್ನೂ ಅದರ ಗುಪ್ತಪದವನ್ನೂ ಗುಮಾಸ್ತನಿಗೆ ವಹಿಸಿಕೊಟ್ಟು ಮನೆಗೆ ಹೋಗುವುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಈ ಹೊಸ ಸಹಿಯ ಮೂಲವಿಚಾರವನ್ನು 1976ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್‌ಮನ್ ಎಂಬವರು ಹೊರಗೆಡಹಿದರು. ಒಬ್ಬನಿಗೆ ಎರಡು ಕೀಲಿಗಳು: ಒಂದು ಗುಟ್ಟಿನದು, ಇನ್ನೊಂದು ಊರಿಗೆಲ್ಲ ಹಂಚುವುದು. ಗುಟ್ಟಿನ ಕೀಲಿಯಿಂದ ಮಾಡಿದ ಸಹಿಯನ್ನು ಹಂಚಿದ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಪತ್ರದಲ್ಲಿ ಒಂದಕ್ಷರ ಬದಲಾದರೂ ಪರೀಕ್ಷೆಯು ತಪ್ಪುತ್ತದೆ. ಬಳೆಯ ಬೆಸುಗೆಯ ಕೆಲಸವನ್ನು ಇಲ್ಲಿ ಗಣಿತವು ಮಾಡುತ್ತದೆ. ಆದರೆ ಆ ಕೀಲಿಯು ಇಂಥವನದೇ ಎಂದು ಹೇಳುವವರಾರು? ಪ್ರಮಾಣಪತ್ರವು ಹುಟ್ಟಿದುದು ಇದಕ್ಕಾಗಿ. 2000ದ ಅಕ್ಟೋಬರ್ 17ರಿಂದ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಭಾರತದಲ್ಲಿ ಪ್ರಮಾಣಾಧಿಕಾರಿಗಳ ನಿಯಂತ್ರಕರಿದ್ದಾರೆ. ಅವರು ಪರವಾನಗಿ ಕೊಟ್ಟ ಸಂಸ್ಥೆಗಳು ಜನರಿಗೆ ಪ್ರಮಾಣಪತ್ರವನ್ನು ಕೊಡುತ್ತವೆ. ಮೇಲಿನವನನ್ನು ನಂಬಿದರೆ ಕೆಳಗಿನವನನ್ನೂ ನಂಬಿದಂತೆ. ಈ ಸರಪಣಿಯೂ ಒಮ್ಮೆ ಸಡಿಲಿತು. 2014ರ ಜುಲೈಯಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣಶಾಖೆಯಿಂದ ಗೂಗಲ್ ಸಂಸ್ಥೆಯ ತಾಣಗಳ ಹೆಸರಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟಿದ್ದುದು ಬಯಲಾಯಿತು. ನಿಯಂತ್ರಕರು ಆ ಶಾಖೆಯ ಪ್ರಮಾಣಗಳನ್ನೇ ರದ್ದುಪಡಿಸಬೇಕಾಯಿತು.

ಭೀಮಾತೀರದ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತನಿಗೆ ಈ ವಿಷಯವು ಪಹಣಿಯ ರೂಪದಲ್ಲಿ ಬಂದಿತು. ನಿಜಾಮರ ಆಳ್ವಿಕೆಯಲ್ಲಿ ಕಂದಾಯ ಕಚೇರಿಯ ಬರೆಹವು ಉರ್ದುವಿನಲ್ಲಿದ್ದುದರಿಂದ, ತನ್ನ ಹೊಲದ ಕಾಗದವನ್ನು ತಾನೇ ಓದಲಾರದೆ ಹೆಬ್ಬೆಟ್ಟು ಒತ್ತಿದವರು ಅಸಂಖ್ಯ. 1956ರಲ್ಲಿ ಈ ಭಾಗವು ಕನ್ನಡ ರಾಜ್ಯವನ್ನು ಸೇರಿದ ಮೇಲೆ ಭಾಷೆಯು ಬದಲಾಯಿತು. ಪುಸ್ತಕವು ಮಾತ್ರ ಗ್ರಾಮಲೆಕ್ಕಿಗರ ಕೈಯಲ್ಲೇ ಉಳಿಯಿತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ಕೈಬರೆಹದ ಪಹಣಿಗಳ ಮಾನ್ಯತೆಯನ್ನು ತೆಗೆಯಿತು. ತಿದ್ದುಪಡಿ ಮಾಡುವ ಅಧಿಕಾರಿಯು ಬೆರಳಚ್ಚಿನಿಂದ ತನ್ನ ಗುರುತನ್ನು ತೋರಿಸಬೇಕಾಯಿತು. ಹಿಂದೆ ರೈತನ ಪಾಲಿಗಿದ್ದ ಹೆಬ್ಬೆಟ್ಟು ಈಗ ಅಧಿಕಾರಿಯ ಪಾಲಿಗೂ ಬಂದಿತೆನ್ನಬೇಕು.

ಗುರುತನ್ನು ಕೇಳದಿದ್ದರೆ ಏನಾಗುವುದೆಂಬುದನ್ನು ಆಳಂದವು ಕಂಡಿತು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆಯಬೇಕೆಂದು ಅಂತರ್ಜಾಲದ ಮೂಲಕ 6,018 ಅರ್ಜಿಗಳು ಬಂದುವು. ಮತಗಟ್ಟೆಯ ಅಧಿಕಾರಿಯೊಬ್ಬರ ನಿಕಟಬಂಧುವಿನ ಹೆಸರೇ ಅವುಗಳಲ್ಲಿದ್ದುದರಿಂದ ಸಂಶಯ ಹುಟ್ಟಿತೆಂದು ವರದಿಗಳು ಹೇಳುತ್ತವೆ. ಅರ್ಜಿದಾರರೆಂದು ಕಾಣಿಸಲ್ಪಟ್ಟ ಊರವರು ತಾವು ಅರ್ಜಿಯನ್ನೇ ಹಾಕಿಲ್ಲವೆಂದರು. ಮನೆಮನೆಗೆ ಹೋಗಿ ವಿಚಾರಿಸಿದಾಗ ಸರಿಯಾದುವು 24 ಮಾತ್ರ. ಉಳಿದ 5,994 ತಿರಸ್ಕೃತವಾದುವು. ಫೆಬ್ರವರಿಯಲ್ಲಿ ಆಳಂದದ ಪೊಲೀಸ್ ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು. ಇಲ್ಲಿ ಪಟ್ಟಿಯನ್ನು ಉಳಿಸಿದುದು ಯಂತ್ರವಲ್ಲ, ಬಾಗಿಲು ತಟ್ಟಿ ಕೇಳಿದ ಮನುಷ್ಯರು. ಮಿತಾಕ್ಷರಾಕಾರನ ಸಾಕ್ಷಿಪ್ರಕರಣದ ದಾರಿಯೇ ಅದು.

2025ರ ಸೆಪ್ಟೆಂಬರಿನಲ್ಲಿ ಚುನಾವಣಾ ಆಯೋಗವು ಇಂಥ ಅರ್ಜಿಗಳಿಗೆ ಆಧಾರ್ ಮೂಲಕದ ವಿದ್ಯುನ್ಮಾನ ಸಹಿಯನ್ನು ಗೊತ್ತುಮಾಡಿತು. ಈ ಬಗೆಯ ಸಹಿಯಲ್ಲಿ ಗುಟ್ಟಿನ ಕೀಲಿಯು ಒಂದೇ ಸಲಕ್ಕೆಂದು ಹುಟ್ಟಿ ಅಳಿಯುತ್ತದೆ. ತಾಮ್ರಶಾಸನವು ಆಚಂದ್ರಾರ್ಕವಾಗಿ ಬಾಳಲೆಂದು ಹಾರೈಸಿಕೊಂಡರೆ, ಇದರ ಪ್ರಮಾಣಪತ್ರದ ಆಯುಸ್ಸು ಅರ್ಧ ಗಂಟೆ. ಅರ್ಜಿಗಳನ್ನು ಹಾಕಿದವರಾರೆಂಬ ಶೋಧಕ್ಕಾಗಿ ರಾಜ್ಯ ಸರಕಾರವು ಅದೇ ತಿಂಗಳಲ್ಲಿ ವಿಶೇಷ ತನಿಖಾದಳವೊಂದನ್ನು ನೇಮಿಸಿತು.