15 ಕಿಲೋಹರ್ಟ್ಸ್: ಮೊಬೈಲ್ ಜಾಲದ ಒಂದು ಅಂತರದ ಚರಿತ್ರೆ

ರೇಡಿಯೊ ಸಂಪರ್ಕಕ್ಕೆ ಒದಗುವ ಆವೃತ್ತಿಗಳ ಸಮೂಹವನ್ನು ತರಂಗಗುಚ್ಛ ಎಂದೂ, ಅದರ ಒಂದೊಂದು ಹರ್ಟ್ಸ್ ಅಗಲದಲ್ಲಿ ಸೆಕೆಂಡಿಗೆ ಎಷ್ಟು ಬಿಟ್ ಮಾಹಿತಿ ಸಾಗುತ್ತದೆ ಎಂಬ ಅಳತೆಯನ್ನು ತರಂಗಗುಚ್ಛ ದಕ್ಷತೆ ಎಂದೂ ಕರೆಯುತ್ತಾರೆ. 1983ರಲ್ಲಿ ಷಿಕಾಗೋದಲ್ಲಿ ಆರಂಭವಾದ ಅಮೆರಿಕದ ಮೊದಲ ವಾಣಿಜ್ಯ ಸೆಲ್ಯುಲಾರ್ ಸೇವೆಯಲ್ಲಿ ಒಂದು ದಿಕ್ಕಿನ ಮಾತಿಗೆ 30 ಕಿಲೋಹರ್ಟ್ಸ್ ಅಗಲದ ಒಂದು ವಾಹಿನಿ ಮೀಸಲಾಗಿತ್ತು. ಒಂದು ವಾಹಿನಿಯ ಸಂಕೇತ ಪಕ್ಕದ್ದಕ್ಕೆ ಸೋರದಂತೆ ತಡೆಯುವ ಶೋಧಕಗಳು ಅಂಚನ್ನು ಕತ್ತರಿಸಿದಂತೆ ನಿಲ್ಲಿಸಲಾರವಾದ್ದರಿಂದ, ಅಕ್ಕಪಕ್ಕದ ವಾಹಿನಿಗಳನ್ನು ಒಂದೇ ಕೋಶದಲ್ಲಿ, ಅಂದರೆ ಒಂದೇ ಗೋಪುರದ ವ್ಯಾಪ್ತಿಯಲ್ಲಿ, ಬಳಸದೆ ದೂರ ದೂರ ಹಂಚಬೇಕಾಗುತ್ತಿತ್ತು. ಹೊಲಗಳ ನಡುವಿನ ಬದುವಿನಂತೆ ಇಂಥ ಅಂತರ ಜಗಳವನ್ನು ತಪ್ಪಿಸುತ್ತಿತ್ತು, ಬೆಳೆಯನ್ನು ಕೊಡುತ್ತಿರಲಿಲ್ಲ.

ಈ ಅಂತರವಿಲ್ಲದೆಯೂ ಸಂಕೇತಗಳನ್ನು ಬೇರ್ಪಡಿಸಬಹುದೆಂಬ ಗಣಿತ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಚಾಂಗ್ 1966ರ ಪ್ರಬಂಧದಲ್ಲಿ, ಮಾಹಿತಿಯನ್ನು ಅನೇಕ ಕಿರು ವಾಹಕಗಳ ಮೇಲೆ, ಅಂದರೆ ಉಪವಾಹಕಗಳ ಮೇಲೆ ಹಂಚಿ, ಅವು ಒಂದರ ಮೇಲೊಂದು ಹರಡಿಕೊಂಡಿದ್ದರೂ ಪರಸ್ಪರ ಕೆಡಿಸದಂತೆ ರೂಪಿಸುವ ದಾರಿಯನ್ನು ತೋರಿಸಿದರು. ಈ ಗುಣವನ್ನು ಆರ್ಥೋಗೊನಲ್ ಎನ್ನುತ್ತಾರೆ. ಈ ಪದ್ಧತಿಯ ಇಂದಿನ ರೂಪದಲ್ಲಿ ಉಪವಾಹಕಗಳ ನಡುವಿನ ಅಂತರ ಒಂದು ಸಂಕೇತದ ಅವಧಿಯ ವಿಲೋಮಕ್ಕೆ ಸಮನಾಗಿರುತ್ತದೆ. ಆಗ ಒಂದರ ಶಿಖರ ಬೀಳುವ ಜಾಗದಲ್ಲಿ ಉಳಿದೆಲ್ಲವೂ ಸೊನ್ನೆಯಾಗಿರುತ್ತವೆ. ನೂರಾರು ಉಪವಾಹಕಗಳಿಗೆ ನೂರಾರು ಆಂದೋಲಕಗಳನ್ನು ಕಟ್ಟುವುದು ಆಗದ ಮಾತಾಗಿತ್ತು. 1971ರಲ್ಲಿ ವೈನ್‌ಸ್ಟೀನ್ ಮತ್ತು ಎಬರ್ಟ್ ಆ ಕೆಲಸವನ್ನು ಫೂರಿಯೇ ರೂಪಾಂತರವೆಂಬ ಲೆಕ್ಕಕ್ಕೆ ಒಪ್ಪಿಸಬಹುದೆಂದು ತೋರಿಸಿದರು. 1980ರಲ್ಲಿ ಪೆಲೆಡ್ ಮತ್ತು ರೂಯಿಜ್, ಸಂಕೇತದ ಬಾಲದ ತುಣುಕನ್ನು ನಕಲಿಸಿ ತಲೆಗೆ ಜೋಡಿಸುವ ಚಕ್ರೀಯ ಪೂರ್ವಭಾಗವನ್ನು ಸೂಚಿಸಿದರು. ಕಟ್ಟಡ ಬೆಟ್ಟಗಳಿಗೆ ಬಡಿದು ತಡವಾಗಿ ಬರುವ ಪ್ರತಿಧ್ವನಿಗಳು ಆ ತುಣುಕಿನೊಳಗೇ ಮುಗಿದುಹೋಗುತ್ತವೆ. ಮೊಬೈಲ್ ರೇಡಿಯೊಗೆ ಈ ವಿಧಾನ ಒಗ್ಗುತ್ತದೆಂದು 1985ರಲ್ಲಿ ಲಿಯೊನಾರ್ಡ್ ಸಿಮಿನಿ ವಾದಿಸಿದರು.

ಆದರೂ 1998ರ ಜನವರಿಯಲ್ಲಿ ಯುರೋಪಿನ ಮಾನಕ ಸಂಸ್ಥೆ ಮೂರನೆಯ ತಲೆಮಾರಿನ ಜಾಲಕ್ಕೆ ತಂತ್ರವನ್ನು ಆರಿಸುವಾಗ, ಎದುರಿಗಿದ್ದ ಪ್ರಸ್ತಾವಗಳಲ್ಲಿ ಈ ವಿಧಾನವೂ ಇದ್ದಿತಾದರೂ, 5 ಮೆಗಾಹರ್ಟ್ಸ್ ಅಗಲದಲ್ಲಿ ಎಲ್ಲರ ಸಂಕೇತಗಳನ್ನೂ ಸಂಕೇತಾಕ್ಷರಗಳಿಂದ ಬೇರ್ಪಡಿಸುವ ಡಬ್ಲ್ಯುಸಿಡಿಎಂಎಯನ್ನು ಆವೃತ್ತಿ ಜೋಡಿಯುಳ್ಳ ಪಟ್ಟಿಗಳಿಗೆ ಆರಿಸಲಾಯಿತು. ಉಪವಾಹಕಗಳ ವಿಧಾನ ಅಷ್ಟರಲ್ಲಿ ಡಿಜಿಟಲ್ ಪ್ರಸಾರದಲ್ಲಿ ನೆಲೆಯೂರಿತ್ತು, 1999ರಲ್ಲಿ ವೈಫೈ ಮಾನಕಕ್ಕೂ ಬಂದಿತು. ಮೊಬೈಲ್ ಜಾಲ ಇನ್ನೊಂದು ದಶಕ ಕಾಯಬೇಕಾಯಿತು.

ನಾಲ್ಕನೆಯ ತಲೆಮಾರಿನ ಎಲ್‌ಟಿಇ ಮಾನಕ 2008ರಲ್ಲಿ ರೂಪುಗೊಂಡಾಗ ಉಪವಾಹಕ ಅಂತರ 15 ಕಿಲೋಹರ್ಟ್ಸ್ ಎಂದು ನಿಂತಿತು, ಮತ್ತು ಈ ಚರಿತ್ರೆಯ ತಿರುಳಿರುವುದು ಆ ಸಂಖ್ಯೆಯಲ್ಲೇ. ಅಂತರ 15 ಕಿಲೋಹರ್ಟ್ಸ್ ಆದರೆ ಸಂಕೇತದ ಅವಧಿ 66.7 ಮೈಕ್ರೊಸೆಕೆಂಡ್, ಅದಕ್ಕೆ ಸೇರುವ ಪೂರ್ವಭಾಗ ಸುಮಾರು 4.7 ಮೈಕ್ರೊಸೆಕೆಂಡ್. ನೇರ ದಾರಿಗಿಂತ ಸುಮಾರು 1.4 ಕಿಲೋಮೀಟರ್ ಹೆಚ್ಚು ಸುತ್ತಿ ಬಂದ ಪ್ರತಿಧ್ವನಿಯನ್ನೂ ಅದು ತಡೆದುಕೊಳ್ಳುತ್ತದೆ, ಅದಕ್ಕಾಗಿ ತೆರುವ ಕಾಲ ಶೇ. 7ರಷ್ಟು. ಅಂತರವನ್ನು 60 ಕಿಲೋಹರ್ಟ್ಸ್‌ಗೆ ಹಿಗ್ಗಿಸಿ ಅಷ್ಟೇ ರಕ್ಷಣೆ ಬೇಕೆಂದಿದ್ದರೆ, ಸಂಕೇತ ಕಿರಿದಾಗಿ, ಕಾಲದ ಐದನೆಯ ಒಂದು ಪಾಲಿಗೂ ಹೆಚ್ಚು ಪೂರ್ವಭಾಗಕ್ಕೇ ಹೋಗುತ್ತಿತ್ತು. ಕುಗ್ಗಿಸಿದರೆ ತೊಡಕು ಬೇರೆ: ಗಂಟೆಗೆ 350 ಕಿಲೋಮೀಟರ್ ವೇಗದ ರೈಲಿನಲ್ಲಿ, 2 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಚಲನೆಯಿಂದ ಆವೃತ್ತಿ ಸುಮಾರು 650 ಹರ್ಟ್ಸ್ ಜರುಗುತ್ತದೆ. ಇದನ್ನು ಡಾಪ್ಲರ್ ಪಲ್ಲಟ ಎನ್ನುತ್ತಾರೆ. 15 ಕಿಲೋಹರ್ಟ್ಸ್ ಅಂತರದಲ್ಲಿ ಅದು ಶೇ. 4ರಷ್ಟು, 5 ಕಿಲೋಹರ್ಟ್ಸ್ ಆಗಿದ್ದರೆ ಶೇ. 13ರಷ್ಟಾಗಿ ಉಪವಾಹಕಗಳ ಹೊಂದಾಣಿಕೆಯೇ ಕೆಡುತ್ತಿತ್ತು. ಹಳೆಯ ಜಾಲದ ಋಣವೂ ಇಲ್ಲಿದೆ: 15 ಕಿಲೋಹರ್ಟ್ಸ್‌ನ 2048 ಪಟ್ಟು 30.72 ಮೆಗಾಹರ್ಟ್ಸ್, ಅದು ಡಬ್ಲ್ಯುಸಿಡಿಎಂಎಯ 3.84 ಮೆಗಾಹರ್ಟ್ಸ್ ಗತಿಯ ಸರಿಯಾದ ಎಂಟು ಪಟ್ಟು. ಎರಡೂ ಜಾಲಗಳಿಗೆ ಒಗ್ಗಬೇಕಾದ ಫೋನಿಗೆ ಒಂದೇ ಗಡಿಯಾರ ಸಾಕಾಗುತ್ತದೆ. ಹಾಗಾಗಿ 15 ಎಂಬುದನ್ನು ಯಾವ ಸೂತ್ರವೂ ಒಂಟಿಯಾಗಿ ಕೊಟ್ಟಿದ್ದಲ್ಲ. ಅದು ಪ್ರತಿಧ್ವನಿ, ವೇಗ ಮತ್ತು ಪರಂಪರೆ ಮೂರನ್ನೂ ತೂಗಿ ಆದ ಒಪ್ಪಂದ, ಮತ್ತು ಅದರ ಹಿರಿಮೆಯೂ ಅದೇ.

ಎಲ್‌ಟಿಇ ಸೇವೆ 2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋಗಳಲ್ಲಿ ಆರಂಭವಾಯಿತು. ಭಾರತದಲ್ಲಿ 2012ರ ಏಪ್ರಿಲಿನಲ್ಲಿ ಕೋಲ್ಕತ್ತಕ್ಕೆ ಬಂದ ಅದು ಮರು ತಿಂಗಳೇ ಬೆಂಗಳೂರನ್ನು ಮುಟ್ಟಿತು. 2018ರಲ್ಲಿ ಪೂರ್ಣಗೊಂಡ ಐದನೆಯ ತಲೆಮಾರಿನ ಮೊದಲ ಮಾನಕ 15ನ್ನು ತೆಗೆದುಹಾಕದೆ ಇಮ್ಮಡಿಸುತ್ತ 30, 60, 120, 240 ಕಿಲೋಹರ್ಟ್ಸ್‌ಗಳ ಸಾಲನ್ನು ಕಟ್ಟಿತು. ಎತ್ತರದ ಪಟ್ಟಿಗಳಲ್ಲಿ ಡಾಪ್ಲರ್ ಪಲ್ಲಟವೂ ಆಂದೋಲಕದ ನಡುಕವೂ ಹೆಚ್ಚಾಗುವುದರಿಂದ ಅಲ್ಲಿ ಅಗಲ ಅಂತರ ಬೇಕು, ಕೋಶಗಳು ಕಿರಿದಾಗಿರುವುದರಿಂದ ಪ್ರತಿಧ್ವನಿಯ ಭಯ ಕಡಿಮೆ. ಅಂತರ ಹೆಚ್ಚಿದಷ್ಟೂ ದಕ್ಷತೆ ಹೆಚ್ಚುತ್ತದೆಂಬ ಗ್ರಹಿಕೆ ಸರಿಯಲ್ಲ. ದಕ್ಷತೆ ಗಳಿಸಿದ್ದು ಅಂಚಿನಲ್ಲಿ: ಎಲ್‌ಟಿಇಯ 20 ಮೆಗಾಹರ್ಟ್ಸ್‌ನಲ್ಲಿ 1,200 ಉಪವಾಹಕಗಳು 18 ಮೆಗಾಹರ್ಟ್ಸ್ ತುಂಬಿ ಶೇ. 10ರಷ್ಟು ಜಾಗ ಕಾವಲಿಗೆ ಉಳಿದರೆ, ಹೊಸ ಮಾನಕದ 100 ಮೆಗಾಹರ್ಟ್ಸ್‌ನಲ್ಲಿ 30 ಕಿಲೋಹರ್ಟ್ಸ್ ಅಂತರದ 3,276 ಉಪವಾಹಕಗಳು 98.28 ಮೆಗಾಹರ್ಟ್ಸ್ ತುಂಬುತ್ತವೆ. ಚಕ್ರೀಯ ಪೂರ್ವಭಾಗ ಮಾತ್ರ ಸಂಕೇತದೊಡನೆಯೇ ಅದೇ ಪ್ರಮಾಣದಲ್ಲಿ ಕುಗ್ಗುವುದರಿಂದ, ಅದಕ್ಕೆ ತೆರುವ ಶೇ. 7ರ ಪಾಲು ಇಂದಿಗೂ ಹಾಗೆಯೇ ಇದೆ.