ಮಡಕೆಯ ಬಣ್ಣ: ಚಿತ್ರದುರ್ಗ ಸೀಮೆಯ ಪ್ರಾಚೀನ ಮಡಕೆಗಳಲ್ಲಿ ಮಣ್ಣು ಮತ್ತು ಖನಿಜ

ಸುಟ್ಟ ಮಡಕೆಗೆ ಬಣ್ಣ ಕೊಡುವ ಮುಖ್ಯ ಖನಿಜ ಕಬ್ಬಿಣ. ಅದು ಕೆಂಪಾಗಿ ನಿಲ್ಲುತ್ತದೋ ಕಪ್ಪಿಗೆ ತಿರುಗುತ್ತದೋ ಎಂಬುದು ಆವಿಗೆಯೊಳಗೆ ಗಾಳಿ ಎಷ್ಟು ಆಡಿತು ಎನ್ನುವುದರ ಮೇಲೆ ನಿಂತಿದೆ. ಕರ್ನಾಟಕದಲ್ಲಿ ಇದನ್ನು ಪದರ ಪದರವಾಗಿ ಕಾಣಬಹುದಾದ ನೆಲೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಶೋಕನ ಶಾಸನ ಹೇಳುವ ಇಸಿಲ ಎಂಬ ಊರು ಇದ್ದದ್ದು ಇಲ್ಲೇ. ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಮೊದಲು ಅಗೆಸಿದ ಈ ನೆಲೆಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿ ಮೂರು ಸಂಸ್ಕೃತಿಗಳನ್ನು ಗುರುತಿಸಿದರು. ತಳದಲ್ಲಿ ಕಲ್ಲುಕೊಡಲಿಯ ಜನರ ಬೂದು ಮಡಕೆ, ಅದರ ಮೇಲೆ ಬೃಹತ್ ಶಿಲಾಸಮಾಧಿ ಕಟ್ಟಿದವರ ಕಪ್ಪು-ಕೆಂಪು ಮಡಕೆ, ಎಲ್ಲಕ್ಕೂ ಮೇಲೆ ಸಾತವಾಹನರ ಕಾಲದ ಕಾವಿ ಲೇಪದ ಮಡಕೆ.

ಈ ಸೀಮೆಯ ಮಣ್ಣು ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣದ ಕಡೆಯಿಂದ ಗದಗದವರೆಗೆ ಚಾಚಿದ ಚಿತ್ರದುರ್ಗ ಶಿಸ್ಟ್ ಪಟ್ಟಿ ಹೊಸದುರ್ಗ, ಹೊಳಲ್ಕೆರೆ ಭಾಗಗಳನ್ನು ಹಾದುಹೋಗುತ್ತದೆ. ಕಬ್ಬಿಣದ ಅದಿರು, ಮ್ಯಾಂಗನೀಸ್, ಸುಣ್ಣಕಲ್ಲು ಎಲ್ಲವೂ ಆ ಪಟ್ಟಿಯಲ್ಲಿವೆ. ಬ್ರಹ್ಮಗಿರಿಯದು ಗ್ರಾನೈಟ್ ಬಂಡೆಗಳ ಗುಡ್ಡ. ಗ್ರಾನೈಟ್ ಕೊಳೆತಾಗ ಅದರ ಫೆಲ್ಡ್‌ಸ್ಪಾರ್ ಕೆಯೊಲಿನೈಟ್ ಜೇಡಿಯಾಗುತ್ತದೆ. ಬೆಣಚುಕಲ್ಲಿನ ಹರಳು, ಕಾಗೆಬಂಗಾರದ ಪುಡಿ ಹಾಗೆಯೇ ಉಳಿಯುತ್ತವೆ. ಹಿರಿಯೂರು ಕಡೆಯ ಎರೆಮಣ್ಣಿನಲ್ಲಿ ಹೆಚ್ಚಾಗಿರುವುದು ನೀರು ಕುಡಿದು ಉಬ್ಬುವ ಮಾಂಟ್ಮೊರಿಲೊನೈಟ್. ಒಣಗುವಾಗ ಅದು ಬಿರಿಯುವುದರಿಂದ ಮರಳು ಬೆರೆಸದೆ ಮಡಕೆ ಮಾಡುವುದು ಕಷ್ಟ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂಥ ಊರುಗಳಲ್ಲಿ ಕೆರೆಯಂಗಳಕ್ಕೆ ಮಳೆನೀರು ಹೊತ್ತು ತರುವ ಮೆಕ್ಕಲು ಸುತ್ತಲ ನೆಲವನ್ನೆಲ್ಲ ಬೆರೆಸಿದ ಮಣ್ಣು. ಕುಂಬಾರರು ಇಂದಿಗೂ ಜೇಡಿಗಾಗಿ ಹೋಗುವುದು ಕೆರೆಗೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಎರೆಮಣ್ಣಿನಿಂದ ಕಪ್ಪು ಮಡಕೆ, ಕೆಮ್ಮಣ್ಣಿನಿಂದ ಕೆಂಪು ಮಡಕೆ ಎಂಬ ಲೆಕ್ಕ ಸರಿಯಲ್ಲ. ಹಸಿ ಮಣ್ಣಿನ ಕಪ್ಪಿಗೆ ಅದರಲ್ಲಿ ಕೊಳೆತು ಬೆರೆತ ಸಸ್ಯಾಂಶವೂ ಕಾರಣ; ಗಾಳಿಯಾಡುವ ಬೆಂಕಿಯಲ್ಲಿ ಅದು ಉರಿದುಹೋಗುತ್ತದೆ. ಹಳದಿ ಮಣ್ಣಿನ ಗೋಥೈಟ್ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಬಿಟ್ಟು ಹೆಮಟೈಟ್ ಆಗುತ್ತದೆ. ಹಾಗಾಗಿ ಕಪ್ಪು ಕೆರೆಮಣ್ಣೂ ಹಳದಿ ಮಣ್ಣೂ ಆವಿಗೆಯಿಂದ ಕೆಂಪಾಗಿಯೇ ಹೊರಬರಬಹುದು. ಕಬ್ಬಿಣ ತೀರ ಕಡಿಮೆಯಿರುವ ಜೇಡಿ ಮಾತ್ರ ಬಿಳಿಚಿಕೊಂಡೇ ಉಳಿಯುತ್ತದೆ.

ಬೆಂಕಿಗೆ ಗಾಳಿ ಸಾಲದಿದ್ದರೆ ಕಬ್ಬಿಣ ಆಮ್ಲಜನಕ ಕಳೆದುಕೊಂಡು ಮ್ಯಾಗ್ನೆಟೈಟ್‌ನಂಥ ಕಪ್ಪು ರೂಪಗಳಿಗೆ ಇಳಿಯುತ್ತದೆ. ಹೊಗೆಯ ಇಂಗಾಲವೂ ಮಣ್ಣಿನ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಕಲ್ಲುಕೊಡಲಿಯ ಜನರ, ಎಂದರೆ ನವಶಿಲಾಯುಗದ, ಬೂದು ಮಡಕೆಗೆ ಆ ಬಣ್ಣ ಬಂದದ್ದು ಹೀಗೆಯೇ; ಅದು ಬಹುಮಟ್ಟಿಗೆ ಕೈಯಲ್ಲೇ ಮಾಡಿದ್ದು. ಮುರಿದ ಅಂಚಿನಲ್ಲಿ ನಡುವೆ ಕಪ್ಪು ಪಟ್ಟಿ ಕಂಡರೆ ಒಳಗಿನ ಇಂಗಾಲ ಉರಿದು ಮುಗಿಯುವ ಮುನ್ನವೇ ಬೆಂಕಿ ಆರಿತೆಂದು ಅರ್ಥ. ಹಸಿ ಮಡಕೆಯನ್ನು ನುಣುಪುಗಲ್ಲಿನಿಂದ ಉಜ್ಜಿದಾಗ ಜೇಡಿಯ ತೆಳು ಹಲ್ಲೆಗಳು ಒಂದೇ ದಿಕ್ಕಿಗೆ ಮಲಗಿ ಹೊಳಪು ಬರುತ್ತದೆ. ಶಾಖ ತೀರ ಹೆಚ್ಚಾದರೆ ಅದು ಮಾಸುವುದರಿಂದ, ಉಳಿದ ಹೊಳಪೂ ಬೆಂಕಿಯ ಅಳತೆಗೆ ಸಾಕ್ಷಿ.

ಕಪ್ಪು-ಕೆಂಪು ಮಡಕೆಯಲ್ಲಿ ಒಳಮೈ ಮತ್ತು ಬಾಯಂಚು ಕಪ್ಪು, ಹೊರಗಿನ ಕೆಳಭಾಗ ಕೆಂಪು. ಜೇಡಿ ಒಂದೇ, ಬಣ್ಣ ಎರಡು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಬೂದಿ-ಹುಲ್ಲಿನಲ್ಲಿ ಹೂತ ಬಾಯಿಗೂ ಒಳಮೈಗೂ ಗಾಳಿ ತಾಗದೆ ಕಪ್ಪಾಯಿತು, ಹೊರಮೈ ಗಾಳಿಗೆ ಕೆಂಪಾಯಿತು ಎಂಬುದು ಹೆಚ್ಚು ಪ್ರಚಲಿತ ವಿವರಣೆ. ಮೊದಲು ಪೂರ್ತಿ ಕೆಂಪಗೆ ಸುಟ್ಟು, ಎರಡನೆಯ ಬಾರಿ ಹೊಗೆಯೂಡಿ ಕಪ್ಪು ಹಿಡಿಸಿದರು ಎನ್ನುವವರೂ ಇದ್ದಾರೆ. ಎರಡೂ ವಿಧಾನಗಳಿಂದ ಇಂಥ ಮಡಕೆ ಬರುತ್ತದೆ. ಎಲ್ಲ ಊರುಗಳಿಗೂ ಒಂದೇ ವಿಧಾನವನ್ನು ಹೊಂದಿಸುವುದು ಅನಗತ್ಯ. ಎರಡರಲ್ಲೂ ಎದ್ದು ಕಾಣುವುದು ಗಾಳಿಯನ್ನು ಹಿಡಿತದಲ್ಲಿಟ್ಟ ಕುಂಬಾರನ ಪಳಗಿದ ಕೈ.

ಸುಣ್ಣದಂಶ ಹೇರಳವಾಗಿರುವ ಜೇಡಿಯನ್ನು ಸುಮಾರು 850 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಸುಟ್ಟರೆ ಕಬ್ಬಿಣದ ಒಂದು ಭಾಗ ಹೊಸ ಸಿಲಿಕೇಟುಗಳಲ್ಲಿ ಸೇರಿಹೋಗಿ ಕೆಂಪು ತಿಳಿಯಾಗುತ್ತದೆ. ಎರೆಮಣ್ಣಿನ ಸುಣ್ಣದ ಹರಳುಗಳಿಂದ ಇನ್ನೊಂದು ತೊಂದರೆ: ಸುಟ್ಟು ಸುಣ್ಣವಾದ ಹರಳು ಆಮೇಲೆ ತೇವ ಹೀರಿ ಉಬ್ಬಿ ಮಡಕೆಯ ಮೈ ಸಿಡಿಸುತ್ತದೆ. ಮ್ಯಾಂಗನೀಸ್ ಗಾಳಿಯಾಡುವ ಬೆಂಕಿಯಲ್ಲೂ ಕಪ್ಪಾಗಿಯೇ ನಿಲ್ಲುವುದರಿಂದ ಕೆಂಪು ಮೈಮೇಲೆ ಕಪ್ಪು ಚಿತ್ತಾರಕ್ಕೆ ಒದಗುತ್ತದೆ.

ಲೇಪದ ಬಣ್ಣ ಬೇರೆಯೇ ಮಾತು. ದಕ್ಷಿಣದ ನವಶಿಲಾಯುಗದ ಕೆಲವು ಬೂದು ಮಡಕೆಗಳಿಗೆ ಸುಟ್ಟ ಮೇಲೆ ಕಾವಿ ಬಳಿದಿದ್ದಾರೆ. ಬೆಂಕಿ ಕಾಣದ ಆ ಬಣ್ಣ ತಿಕ್ಕಿ ತೊಳೆದರೆ ನೀರಿನೊಂದಿಗೆ ಹೋಗಿಬಿಡುತ್ತದೆ. ಚೂರುಗಳನ್ನು ತೊಳೆಯುವವರು ಇದನ್ನು ಮರೆಯಬಾರದು. ಬ್ರಹ್ಮಗಿರಿ ಮತ್ತು ಚಿತ್ರದುರ್ಗ ಪಟ್ಟಣದ ಬಳಿಯ ಚಂದ್ರವಳ್ಳಿಯ ಸಾತವಾಹನ ಪದರಗಳ ಮಡಕೆಗಳಲ್ಲಿ ಸುಣ್ಣ ಅಥವಾ ಕೆಯೊಲಿನ್‌ನಿಂದ ಬಿಳಿ ಗೆರೆ ಎಳೆದು, ಮೇಲೆ ಕಾವಿಯ ತೆಳುಲೇಪ ಕೊಟ್ಟು ಸುಟ್ಟಿದ್ದಾರೆ. ಆ ಲೇಪದಡಿಯಿಂದ ಗೆರೆಗಳು ಹಳದಿ ಛಾಯೆಯಲ್ಲಿ ಕಾಣುತ್ತವೆ.

ಮಣ್ಣಿನ ಪಾಲೆಷ್ಟು, ಬೆಂಕಿಯ ಪಾಲೆಷ್ಟು ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಚೂರಿನ ತುಣುಕನ್ನು ಮನ್ಸೆಲ್ ಬಣ್ಣಪಟ್ಟಿಯೊಂದಿಗೆ ಹೋಲಿಸಿ ಬರೆದಿಟ್ಟುಕೊಂಡು, ಗಾಳಿಯಾಡುವ ಕುಲುಮೆಯಲ್ಲಿ ಮತ್ತೆ ಸುಡುತ್ತಾರೆ. ಇಂಗಾಲದ ಕಪ್ಪು ಅಳಿಯುತ್ತದೆ, ಕಬ್ಬಿಣ ತನ್ನ ಕೆಂಪಿಗೆ ಮರಳುತ್ತದೆ. ಬೂದು ಚೂರೂ ಕೆಂಪು ಚೂರೂ ಮರುಸುಟ್ಟಾಗ ಒಂದೇ ಬಣ್ಣಕ್ಕೆ ಬಂದರೆ, ಎರಡಕ್ಕೂ ಒಂದೇ ಬಗೆಯ ಮಣ್ಣು ಬಳಸಿರುವ ಸಾಧ್ಯತೆ ಹೆಚ್ಚು. ಅದನ್ನು ಖಚಿತಪಡಿಸಿಕೊಳ್ಳಲು ತೆಳುಪದರ ಸೀಳಿ ಸೂಕ್ಷ್ಮದರ್ಶಕದಲ್ಲಿ ಹರಳುಗಳನ್ನು ನೋಡುತ್ತಾರೆ, ಎಕ್ಸ್-ರೇ ವಿವರ್ತನೆಯಿಂದ ಖನಿಜಗಳನ್ನು ಗುರುತಿಸುತ್ತಾರೆ.